ಟಿವಿ ಒಳಗಿನ ಸ್ಕೇಲರ್ ಸಾಕೇನು, ಹೊರಗಿನ ಪ್ರೊಸೆಸರ್ ಡಬ್ಬಿ ಬೇಕೇನು? ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟಿ ನವನಗರದಾಗ ನಂದೊಂದು ಸಣ್ಣ ಅಂಗಡಿ ಐತ್ರಿ. ಟಿವಿ ಗ್ವಾಡಿಗೆ ಹಾಕೂದು, ಡಿಶ್ ಕೂಡಸೂದು, ಹಳೇ ಮದುವಿ ಕ್ಯಾಸೆಟ್ ಪೆನ್‌ಡ್ರೈವ್‌ಗೆ ಇಳಿಸಿಕೊಡೂದು, ಇಷ್ಟ ಕೆಲಸ. ದಿನಾ ಒಬ್ಬರರೆ ಬಂದು ಕೇಳೇ ಕೇಳ್ತಾರ, "ಅಣ್ಣಾ, ದೊಡ್ಡ ಟಿವಿ ತಂದೀವಿ, ಚಿತ್ರ ಮಾತ್ರ ಮಸುಕ್ ಮಸುಕ್ ಕಾಣ್ತೈತಿ, ಅದೇನೋ ಪ್ರೊಸೆಸರ್ ಡಬ್ಬಿ ಹಚ್ಚಿದ್ರ ಚಲೋ ಆಗ್ತೈತಂತಲ್ಲ, ಹಚ್ಚಿ ಕೊಡು" ಅಂತ. ಒಬ್ಬೊಬ್ಬರನ್ನ ಕುಂದರಿಸಿ ಚಹಾ ಕುಡಿಸಿ ಹೇಳೂದ್ರಾಗ ಅರ್ಧ ದಿನ ಹೋಗ್ತೈತಿ, ಅದಕ್ಕ ಎಲ್ಲಾ ಇಲ್ಲೇ ಬರದಿಟ್ಟೀನಿ.

ಮೊದಲ ಹೇಳ್ರಿ, ಸ್ಕೇಲಿಂಗ್ ಅಂದ್ರ ಏನು?

ನಿಮ್ಮ 4ಕೆ ಟಿವಿ ಪರದಿ ಮ್ಯಾಲ ಅಡ್ಡಕ್ಕ 3840, ಉದ್ದಕ್ಕ 2160 ಚುಕ್ಕಿ ಅದಾವ, ಒಟ್ಟು ಸುಮಾರು 83 ಲಕ್ಷ. ಸಾದಾ ಎಸ್‌ಡಿ ಚಾನೆಲ್ ಬರೂದು 720 ಬೈ 576, ಅಂದ್ರ 4 ಲಕ್ಷ 15 ಸಾವಿರದ ಒಳಗ. ಭಾಗಿಸಿ ನೋಡ್ರಿ, ಸರಿಯಾಗಿ 20 ಪಟ್ಟು. ಅಂದ್ರ ಪರದಿ ಮ್ಯಾಲಿನ 20 ಚುಕ್ಕಿಯೊಳಗ ಒಂದರ ಲೆಕ್ಕದ್ದಷ್ಟ ಖರೇ ಮಾಹಿತಿ ಬಂದೈತಿ, ಉಳಿದ 19 ಟಿವಿ ತಾನ ಅಕ್ಕಪಕ್ಕದ್ದು ನೋಡಿ ಅಂದಾಜ ಮ್ಯಾಲ ತುಂಬೇತಿ. ಆ ತುಂಬೂ ಕೆಲಸಕ್ಕ ಸ್ಕೇಲಿಂಗ್ ಅಂತಾರ. ಹಗುರ ಲೆಕ್ಕದಾಗ ತುಂಬಿದ್ರ ಅಂಚು ಮೆಟ್ಟಲ ಮೆಟ್ಟಲ ಆಗ್ತಾವ ಇಲ್ಲಾ ಮಸುಕ ಆಗ್ತಾವ, ಜಾಸ್ತಿ ಚೂಪ್ ಮಾಡಾಕ ಹೋದ್ರ ಅಕ್ಷರದ ಸುತ್ತ ಬೆಳ್ಳನ ಗೆರಿ ಬರ್ತೈತಿ. ಚಲೋ ಸ್ಕೇಲರ್ ಅಂದ್ರ ಈ ಎರಡರ ನಡುವ ಹದ ಹಿಡಿಯೂದು.

ಇನ್ನೊಂದು ತಿಳ್ಕೋರಿ. ಸ್ಕೇಲಿಂಗ್ ಬಂದ್ ಮಾಡೂ ಬಟನ್ ಸಾಮಾನ್ಯ ಟಿವಿಯಾಗ ಇರಂಗಿಲ್ಲ. ಪರದಿ ಚುಕ್ಕಿ ಲೆಕ್ಕ ಪಕ್ಕಾ ಇರ್ತೈತಿ, ಅಷ್ಟಕ್ಕ ಯಾರರೆ ಒಬ್ಬರು ಹಿಗ್ಗಿಸಲೇಬೇಕು. ಟಿವಿ ಹಿಗ್ಗಿಸಬೇಕೋ, ಅದಕ್ಕಿಂತ ಮುಂಚೆ ನಡುವ ಹಚ್ಚಿದ ಪ್ರೊಸೆಸರ್ ಡಬ್ಬಿ ಹಿಗ್ಗಿಸಿ ಕೊಡಬೇಕೋ ಅನ್ನೂದಷ್ಟ ನಮ್ಮ ಕೈಯಾಗಿರೂದು.

ಡಬ್ಬಾ ಟಿವಿಯಾಗ ಇದೇ ಚಾನೆಲ್ ಎಷ್ಟ್ ಚಲೋ ಕಾಣ್ತಿತ್ತು, ಈಗ ಯಾಕ ಹಿಂಗ?

ಹಳೇ ಪಿಕ್ಚರ್ ಟ್ಯೂಬ್ ಟಿವಿಗೆ ಸ್ಕೇಲಿಂಗ್ ಅನ್ನೂ ಸಂಗತಿನ ಇರ್ಲಿಲ್ಲ, ಬಂದ ಗೆರಿ ಬಂದಂಗ ಬರಕೋತ ಹೋಗ್ತಿತ್ತು. ಗೆರಿಗೆ ಗೆರಿ ಸ್ವಲ್ಪ ಹರಡಿ ಕೂಡ್ಕೋತಿದ್ವು, ತಪ್ಪೆಲ್ಲಾ ಅದರಾಗ ಮುಚ್ಚಿ ಹೋಗ್ತಿದ್ವು. ಮ್ಯಾಲ ಅದು 21 ಇಂಚು, ಈಗಿನ 55 ಇಂಚಿನ ಪರದಿ ಅದರ ಆರು ಪಟ್ಟು ಜಾಗ. ಸಣ್ಣ ರೊಟ್ಟಿಯಾಗಿನ ತೂತು ಕಾಣಂಗಿಲ್ಲ, ಅದನ್ನ ಪರಾತದಷ್ಟು ಬಡದ್ರ ಆಚಿ ಕಡೆ ಗ್ವಾಡಿನೂ ಕಾಣ್ತೈತಿ.

ಹಂಗಾರ ಟಿವಿ ಒಳಗಿನ ಸ್ಕೇಲರ್ ಕೆಟ್ಟದ್ದ?

ಇಲ್ರಿ, ಇದ ಮಂದಿ ಮಾಡೂ ದೊಡ್ಡ ತಪ್ಪು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗ ಆಗೇತಿ ಟಿವಿ ಸ್ಕೇಲರ್ ಕತಿ. ಸೋನಿ, ಸ್ಯಾಮ್‌ಸಂಗ್, ಎಲ್‌ಜಿ ಇವರ ನಡು ದರ್ಜೆಯಿಂದ ಮ್ಯಾಲಿನ ಟಿವಿ ಒಳಗ ಇರೂ ಚಿಪ್ ಈಗ ಭಾಳ ಶಾಣ್ಯಾ ಅದಾವ. 1080ಪಿ, ಅಂದ್ರ 1920 ಬೈ 1080 ಚುಕ್ಕಿಯ ಚಿತ್ರ, 4ಕೆ ಮಾಡೂದು ಅಂದ್ರ ಅಡ್ಡಕ್ಕ ಎರಡು ಪಟ್ಟು, ಉದ್ದಕ್ಕ ಎರಡು ಪಟ್ಟು, ಸಮ ಲೆಕ್ಕ. ಅದನ್ನ ಇವು ಸಲೀಸಾಗಿ ಮಾಡ್ತಾವ, ನೀವು ಲಕ್ಷ ರೂಪಾಯಿ ಡಬ್ಬಿ ತಂದು ಹಚ್ಚಿದ್ರೂ ಎಂಟು ಫೂಟ್ ದೂರ ಕುಂತವಗ ವ್ಯತ್ಯಾಸ ಹುಡುಕಾಕ ಕಂದೀಲ ಬೇಕು.

ತೊಂದ್ರಿ ಬರೂದು ಎಲ್ಲಿ ಅಂದ್ರ, ಎಸ್‌ಡಿ ಚಾನೆಲ್, ಡಿವಿಡಿ, ವಿಸಿಡಿ, ಕ್ಯಾಸೆಟ್, ಹಳೇ ಗೇಮ್ ಡಬ್ಬಿ ಇಂಥಾವದ್ರಾಗ. ಟಿವಿ ಮಾಡೂ ಕಂಪನಿಗಳಿಗೆ ಈಗ ಇವುಗಳ ಮ್ಯಾಲ ಲಕ್ಷ್ಯ ಇಲ್ಲ, ಎಲ್ಲಾ ಮಂದಿ ಓಟಿಟಿ ನೋಡ್ತಾರ ಅನ್ನೂ ಲೆಕ್ಕ ಅವರ್ದು. ಭಾಳ ಟಿವಿಗೆ ಹಳದಿ ಪಿನ್ನೇ ಇರಂಗಿಲ್ಲ, ಇದ್ರೂ ಒಂದು ಸಣ್ಣ ತೂತಿಗೆ ಗಿಡ್ಡ ವೈರ್ ಸಿಗಿಸಿ ಕೊಡ್ತಾರ. ಇನ್ನ ಅಗ್ಗದ ಹೆಸರಿಲ್ಲದ ಸ್ಮಾರ್ಟ್ ಟಿವಿ ಆದ್ರ ಎಚ್‌ಡಿ ಚಾನೆಲ್ ಒಳಗೂ ತಡವರಿಸ್ತಾವ, ಅದು ಬ್ಯಾರೆ ಮಾತು.

ಡೀಇಂಟರ್‌ಲೇಸ್ ಅಂತ ಒಂದ್ ಶಬ್ದ ಹೇಳ್ತಿರ್ತೀರಿ, ಅದಕ್ಕೂ ಇದಕ್ಕೂ ಏನ್ ಸಂಬಂಧ?

ಇದನ್ನ ಸಾವಕಾಶ ಓದ್ರಿ, ಯಾಕಂದ್ರ ನನ್ನ ಕೇಳಿದ್ರ ಡಬ್ಬಿ ಬೇಕೋ ಬ್ಯಾಡೋ ಅನ್ನೂದು ನಿರ್ಧಾರ ಆಗೂದು ಇಲ್ಲೇ, ಸ್ಕೇಲಿಂಗ್ ಒಳಗ ಅಲ್ಲ.

ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್. ಅದರಾಗ ಒಂದು ಸೆಕೆಂಡಿಗೆ 50 ಸಲ ಚಿತ್ರ ಹಿಡಿತಾರ, ಆದ್ರ ಪೂರ್ತಿ ಚಿತ್ರ ಅಲ್ಲ, ಅರ್ಧ ಚಿತ್ರ. ಮೊದಲ ಒಂದು, ಮೂರು, ಐದು ಹಿಂಗ ಬೆಸ ಗೆರಿ, ಆಮ್ಯಾಲ ಎರಡು, ನಾಕು, ಆರು ಹಿಂಗ ಸಮ ಗೆರಿ, ಒಂದೊಂದರಾಗ 288. ಅದಕ್ಕ 576ಐ ಅಂತ ಬರೀತಾರ, ಕೊನಿಗೆ ಇರೂ ಐ ಅಂದ್ರ ಇಂಟರ್‌ಲೇಸ್, ಐ ಬದಲಿ ಪಿ ಇದ್ರ ಪ್ರತಿ ಸಲ ಪೂರ್ತಿ ಚಿತ್ರ. ಹೊಸಾ ಟಿವಿ ಪರದಿಗೆ ಅರ್ಧ ಅರ್ಧ ತೋರಿಸಾಕ ಬರಂಗಿಲ್ಲ, ಎರಡೂ ಕೂಡಿಸಿ ಪೂರ್ತಿ ಮಾಡಬೇಕು, ಈ ಕೆಲಸಕ್ಕ ಡೀಇಂಟರ್‌ಲೇಸ್ ಅಂತಾರ. ನಿಂತ ಮನಷ್ಯಾ ಇದ್ರ ಎರಡರ್ಧ ಜೋಡಿಸಿದ್ರ ಮುಗೀತು. ಓಡೂ ಮನಷ್ಯಾ ಇದ್ರ? ಬೆಸ ಗೆರಿ ಹಿಡಿದಾಗ ಅವನ ಕಾಲು ಒಂದ್ ಕಡೆ, ಸಮ ಗೆರಿ ಹಿಡಿಯೂದ್ರಾಗ ಇನ್ನೊಂದ್ ಕಡೆ, ಯಾಕಂದ್ರ ನಡುವ 20 ಮಿಲಿಸೆಕೆಂಡ್ ಹೋಗೇತಿ, ಹಂಗ ಜೋಡಿಸಿದ್ರ ಕಾಲಿನ ಅಂಚಿಗೆ ಬಾಚಣಿಕಿ ಹಲ್ಲು ಹುಟ್ಟತಾವ. ಇದನ್ನ ತಪ್ಪಸಾಕ ಯಾವ ಭಾಗ ಅಲಗಾಡೇತಿ ಯಾವ ಭಾಗ ನಿಂತೈತಿ ಅಂತ ಚುಕ್ಕಿ ಚುಕ್ಕಿ ನೋಡಿ ಬ್ಯಾರೆ ಬ್ಯಾರೆ ಮಾಡಬೇಕು. ಈವ್ಸ್ ಫರೂಜಾ ಅನ್ನೂ ಎಂಜಿನಿಯರ್ ಹೆಸರು ಹೋಮ್ ಥಿಯೇಟರ್ ಮಂದಿ ಇನ್ನೂ ತಗೀತಾರ, ಅವರ ಕಂಪನಿ ಹೆಸರು ಮಾಡಿದ್ದು ಇಂಥಾ ಕೆಲಸದಾಗ, ಗೆರಿ ದುಪ್ಪಟ್ಟು ಮಾಡೂ ಡಬ್ಬಿ, ಓರೆ ಅಂಚು ನೆಟ್ಟಗ ಮಾಡೂ ಡಿಸಿಡಿಐ ಎಲ್ಲಾ ಅವರ ಕಡೆಯಿಂದ ಬಂದಿದ್ದು.

ಈಗ ಗಣಿತ ನೋಡ್ರಿ. ಡೀಇಂಟರ್‌ಲೇಸ್ ಕೆಟ್ಟಿತು ಅಂದ್ರ ಕೆಟ್ಟ ಚಿತ್ರಾನ ಸ್ಕೇಲರ್ ಕೈಗೆ ಹೋಗ್ತೈತಿ, ಅದು ಬಾಚಣಿಕಿ ಹಲ್ಲನ್ನೂ 4ಕೆ ಮಾಡಿ ತೋರಸ್ತೈತಿ. ಗಿರಣಿಗೆ ಹಾಕಿದ ಜ್ವಾಳ ಹೆಂಗೋ ಹಿಟ್ಟೂ ಹಂಗ, ಹಿಟ್ಟಿಗೆ ಹಳ್ಳ ಬಂದೈತಿ ಅಂತ ಗಿರಣಿ ಬದಲಿಸಿದ್ರ ಏನ್ ಬಂತು.

ನಮ್ಮ ಟಿವಿ ಇದನ್ನ ಚಲೋ ಮಾಡ್ತೈತೋ ಇಲ್ಲೋ ಹೆಂಗ ನೋಡೂದು?

ಮನ್ಯಾಗ ನೋಡಬಹುದು, ಪೈಸಾ ಖರ್ಚಿಲ್ಲ. ನ್ಯೂಸ್ ಚಾನೆಲ್ ಹಚ್ಚಿ ಕೆಳಗ ಓಡೂ ಪಟ್ಟಿ ನೋಡ್ರಿ, ಅಕ್ಷರದ ಅಂಚಿಗೆ ಗರಗಸದ ಹಲ್ಲು ಬಂದ್ರ ಡೀಇಂಟರ್‌ಲೇಸ್ ಸುಮಾರ ಐತಿ. ಕ್ರಿಕೆಟ್ ಇದ್ರ ಬೌಂಡರಿ ಹಗ್ಗ ನೋಡ್ರಿ, ಕ್ಯಾಮೆರಾ ತಿರುಗಿದಾಗ ಹಗ್ಗ ಮೆಟ್ಟಲ ಆಗ್ತೈತೇನು ಅಂತ.

ನನ್ನ ಸ್ವಂತ ಪರೀಕ್ಷಾ ಬ್ಯಾರೆ ಐತಿ. ಇಳಕಲ್ ಸೀರಿ ಉಟ್ಟವರು ಇರೂ ಮದುವಿ ಡಿವಿಡಿ ಹಚ್ತೀನಿ. ಆ ಸೀರಿ ಮೈಯಾಗಿನ ಸಣ್ಣ ಗೆರಿ ಚೌಕಡಿ, ತೋಪ ತೆನಿ ಸೆರಗಿನ ಕೆಂಪು ಬಿಳಿ, ಇವು ಒಂದ್ ಗೆರಿ ದಪ್ಪ ಇರ್ತಾವ, ಬೆಸದಾಗ ಬಂದಿದ್ದು ಸಮದಾಗ ಬರಂಗಿಲ್ಲ, ಕೆಟ್ಟ ಟಿವಿಯಾಗ ಸೀರಿ ಮಿಣಮಿಣ ಅಂತ ಉರಿಯಾಕ ಹತ್ತತೈತಿ. ಚಲೋ ಪ್ರೊಸೆಸರ್ ಇದ್ರ ಸೀರಿ ಸೀರಿ ಹಂಗ ಸುಮ್ಮನ ನಿಲ್ತೈತಿ. ಅಮೆರಿಕಾದವರು ಇದಕ್ಕ ಟೆಸ್ಟ್ ಡಿಸ್ಕ್ ಮಾರ್ತಾರ, ನಮಗ ಇಳಕಲ್ ಸಾಕು.

ಡಬ್ಬಿ ತಗೊಳ್ಳೂಕಿಂತ ಮೊದಲ ಏನೇನ್ ನೋಡಬೇಕು?

ಹತ್ತು ಮನಿಗೆ ಹೋದ್ರ ಎಂಟು ಮನಿಯಾಗ ಇಲ್ಲೇ ಕೆಲಸ ಮುಗೀತೈತಿ, ನನ್ನ ಅನುಭವದ ಲೆಕ್ಕ ಇದು. ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಇರ್ತೈತಿ ಆದ್ರ ಹಳದಿ ಕೆಂಪು ಬಿಳಿ ವೈರ್ ಹಚ್ಚಿರ್ತಾರ. ಆ ಹಳದಿ ವೈರಿನ್ಯಾಗ ಬಣ್ಣ ಬೆಳಕು ಎರಡೂ ಕಲಿಸಿ ಕಳಸ್ತಾರ, ಟಿವಿ ಮತ್ತ ಅದನ್ನ ಬ್ಯಾರೆ ಮಾಡಬೇಕು, ಅಂಚಿನ್ಯಾಗ ಇರಿವಿ ಹರದಂಗ ಚುಕ್ಕಿ ಹರೀತಾವ. ಎಚ್‌ಡಿಎಂಐ ಹಚ್ರಿ ಮೊದಲ.

ಆಮ್ಯಾಲ ಬಾಕ್ಸಿನ ಸೆಟ್ಟಿಂಗ್ ಒಳಗ ಔಟ್‌ಪುಟ್ ರೆಸೊಲ್ಯೂಶನ್ ಎಷ್ಟ ಇಟ್ಟಾರ ನೋಡ್ರಿ. ಫಿಟ್ ಮಾಡಾಕ ಬಂದ ಹುಡುಗ 576 ಕ್ಕ ಇಟ್ಟು ಹೋಗಿದ್ರ ಎಚ್‌ಡಿ ಚಾನೆಲ್ ರೊಕ್ಕ ನೀರಾಗ ಹೋದಂಗ, ಎಲ್ಲಾನೂ ಕುಗ್ಗಿ ಬಂದು ಟಿವಿಯಾಗ ಮತ್ತ ಹಿಗ್ಗತೈತಿ. ನಮ್ಮಲ್ಲಿ ಬರೂ ಎಚ್‌ಡಿ ಚಾನೆಲ್ ಭಾಳಷ್ಟು 1080ಐ, ಬಾಕ್ಸ್ ಕೂಡ 1080ಐ ಗೆ ಇಟ್ರ ಡೀಇಂಟರ್‌ಲೇಸ್ ಟಿವಿ ಮಾಡ್ತೈತಿ, 1080ಪಿ ಗೆ ಇಟ್ರ ಬಾಕ್ಸ್ ಮಾಡ್ತೈತಿ. ಸಾಮಾನ್ಯ ಟಿವಿ ಚಿಪ್ ಬಾಕ್ಸ್ ಚಿಪ್‌ಗಿಂತ ಚಲೋ ಇರ್ತೈತಿ, ಆದ್ರೂ ಎರಡೂ ಇಟ್ಟು ನೋಡ್ರಿ, ಕಣ್ಣ ಮುಂದ ಇದ್ದದ್ದಕ್ಕ ಸಾಕ್ಷಿ ಯಾಕ.

ಮೂರನೇದು ಟಿವಿ ಸೆಟ್ಟಿಂಗ್. ಅಂಗಡಿಯಾಗ ಇಟ್ಟಂಗ ವಿವಿಡ್ ಮೋಡ್ ಇರ್ತೈತಿ, ಶಾರ್ಪ್‌ನೆಸ್ ಮುಗಲಿಗೆ ಮುಟ್ಟಿರ್ತೈತಿ, ಅದನ್ನ ಇಳಸ್ರಿ. ಇಳಸೂದು ಅಂದ್ರ ಎಲ್ಲಾ ಟಿವಿಯಾಗೂ ಸೊನ್ನಿ ಅಲ್ಲ ಮತ್ತ, ಸೋನಿ ಟಿವಿಗಳೊಳಗ 50 ಕ್ಕ ಸಮತೋಲ ಇರ್ತೈತಿ, ಅದಕ್ಕಿಂತ ಕಡಿಮಿ ಮಾಡಿದ್ರ ಮಸುಕ. ಪಿಕ್ಚರ್ ಸೈಜ್ ಒಳಗ ಎಲ್‌ಜಿಯಾಗ ಜಸ್ಟ್ ಸ್ಕ್ಯಾನ್, ಸೋನಿಯಾಗ ಫುಲ್ ಪಿಕ್ಸೆಲ್ ಹಿಂಗ ಹೆಸರು ಇರ್ತಾವ, ಅದನ್ನ ಹಾಕದಿದ್ರ ಟಿವಿ ಅಂಚು ಕತ್ತರಿಸಿ ಮತ್ತೊಂದ್ಸಲ ಹಿಗ್ಗಸ್ತೈತಿ, ಇದು ಡಬ್ಬಾ ಟಿವಿ ಕಾಲದ ಚಟ, ಇನ್ನೂ ಬಿಟ್ಟಿಲ್ಲ. ಮತ್ತ 4:3 ಚಿತ್ರಾನ ಎಳದು 16:9 ಮಾಡಬ್ಯಾಡ್ರಿ, ಹಳೇ ಸಿನಿಮಾ ಹೀರೋಯಿನ್ ಎಲ್ಲಾ ದಪ್ಪ ಆಗಿ ಕುಂತಾರ. ಎಡಕ್ಕ ಬಲಕ್ಕ ಕರಿ ಪಟ್ಟಿ ಬಂದ್ರ ಟಿವಿ ಕೆಟ್ಟೈತಿ ಅಂತ ಫೋನ್ ಮಾಡ್ತಾರ ಮಂದಿ, ಕೆಟ್ಟಿಲ್ರಿ, ಹಂಗ ಇರಬೇಕು ಅದು.

600 ರೂಪಾಯಿದು ಎವಿ ಟು ಎಚ್‌ಡಿಎಂಐ ಡಬ್ಬಿ ಸಿಗ್ತೈತಿ, ಮ್ಯಾಲ 1080ಪಿ ಅಂತ ಬರದಾರ, ಅದ ಸಾಕಲ್ಲ?

ಸಾಕಾಗಂಗಿಲ್ಲ. ನಾನೂ ತಂದು ಕೈ ಸುಟ್ಕೊಂಡೀನಿ. ಮುಧೋಳದಾಗ ಒಬ್ಬ ಕಾಕಾರ ಮನಿಗೆ ಹೋಗಿ ಅವರ ಮಗಳ ಮದುವಿ ಕ್ಯಾಸೆಟ್ ದೊಡ್ಡ ಟಿವಿಯಾಗ ತೋರಸ್ತೀನಿ ಅಂತ ಬಡಾಯಿ ಹೊಡದು ಇಂಥಾದೊಂದು ಹಚ್ಚಿದ್ನಿ. ಎರಡ್ ನಿಮಿಷಕ್ಕೊಮ್ಮೆ ಪರದಿ ನೀಲಿ, ಮತ್ತ ಚಿತ್ರ, ಮತ್ತ ನೀಲಿ. ಮನಿ ಮಂದಿ ಎಲ್ಲಾ ಚಾಪಿ ಹಾಕ್ಕೊಂಡು ಕುಂತಿದ್ರು. ಕ್ಯಾಸೆಟ್‌ನಿಂದ ಬರೂ ಸಿಗ್ನಲ್ ಗಡಿಯಾರ ಹಿಡದಂಗ ಬರಂಗಿಲ್ಲ, ಟೇಪ್ ಜಗ್ಗಿದಂಗ ಗೆರಿ ಹಿಂದ ಮುಂದ ಆಗ್ತಾವ, ಅಗ್ಗದ ಡಬ್ಬಿಗೆ ಅದನ್ನ ತಾಳಿಕೊಳ್ಳೂ ಶಕ್ತಿ ಇಲ್ಲ. ಅದೂ ಅಲ್ಲದ ಅದರೊಳಗಿನ ಡೀಇಂಟರ್‌ಲೇಸ್ ಅಂದ್ರ ಒಂದರ್ಧ ಒಗದು ಇನ್ನೊಂದರ್ಧ ಹಿಗ್ಗಸೂದು, ಅಷ್ಟ. 4:3 ನ 16:9 ಗೆ ಎಳೀತೈತಿ, ತಿರುಗಿ ಸರಿ ಮಾಡಾಕ ಕೆಲವು ಟಿವಿ ಒಪ್ಪಂಗಿಲ್ಲ. 1080ಪಿ ಅನ್ನೂದು ಡಬ್ಬಿ ಕೊಡೂ ಚೌಕಟ್ಟಿನ ಅಳತಿ, ಒಳಗಿನ ಸರಕಿನ ಅಳತಿ ಅಲ್ಲ.

ಖರೇ ಪ್ರೊಸೆಸರ್ ಅಂದ್ರ ಯಾವ್ಯಾವು, ಎಷ್ಟ ಆಗ್ತೈತಿ?

ಮೂರು ನಮೂನಿ ಅನ್ಕೋರಿ.

ಶ್ರೀಮಂತರ ಹೋಮ್ ಥಿಯೇಟರ್‌ದ್ದು: ಲುಮಾಜೆನ್ ರೇಡಿಯನ್ಸ್ ಪ್ರೊ, ಮ್ಯಾಡ್‌ವಿಆರ್ ಎನ್ವಿ. ಲಕ್ಷಗಟ್ಟಲೆ ರೂಪಾಯಿ. ಇವನ್ನ ತಗೊಳ್ಳೂ ಮಂದಿ ಸ್ಕೇಲಿಂಗ್ ಸಲುವಾಗಿ ತಗೊಳ್ಳಂಗಿಲ್ಲ, ಪ್ರೊಜೆಕ್ಟರ್ ಮ್ಯಾಲ ಎಚ್‌ಡಿಆರ್, ಅಂದ್ರ ಬೆಳಕು ಕತ್ತಲಿ ಅಂತರ ಹೆಚ್ಚಿರೂ ಚಿತ್ರ, ಸರಿಯಾಗಿ ಕಾಣಬೇಕು ಅಂತ ತಗೋತಾರ. ಎಚ್‌ಡಿಆರ್ ಸಿನಿಮಾ 1000 ನಿಟ್ಸ್, ಕೆಲವೊಂದು 4000 ನಿಟ್ಸ್ ಬೆಳಕಿನ ಲೆಕ್ಕಕ್ಕ ತಯಾರ ಆಗಿರ್ತಾವ, ಮನಿ ಪ್ರೊಜೆಕ್ಟರ್ ಪರದಿಗೆ 100 ಮುಟ್ಟೂದೂ ಕಷ್ಟ, ಆ ಬೆಳಕನ್ನ ಸೀನ್ ಸೀನ್ ನೋಡಿ ಹೊಂದಸೂ ಕೆಲಸ ಇವು ಚಂದ ಮಾಡ್ತಾವ.

ಗೇಮ್ ಹುಡುಗರದ್ದು: ರೆಟ್ರೊಟಿಂಕ್ 5ಎಕ್ಸ್, ರೆಟ್ರೊಟಿಂಕ್ 4ಕೆ, ಓಎಸ್‌ಎಸ್‌ಸಿ. ಹಳೇ ಗೇಮ್ ಡಬ್ಬಿಗೆ ಅಂತ ಮಾಡಿದ್ದು, ಕ್ಯಾಸೆಟ್ ಡಿವಿಡಿಗೂ ನಡೀತೈತಿ. ರೆಟ್ರೊಟಿಂಕ್ 4ಕೆ 2023 ರಾಗ ಬಂದಾಗ 750 ಡಾಲರ್, ನಮ್ಮ ರೊಕ್ಕದಾಗ 60 ಸಾವಿರದ ಮ್ಯಾಲ, ಕಸ್ಟಮ್ಸ್ ಬ್ಯಾರೆ. ಓಎಸ್‌ಎಸ್‌ಸಿ ಅಗ್ಗ ಐತಿ ಅಂತ ಮೊದಲಿನ ಮಾಡೆಲ್ ತರಿಸಿ ಆಮ್ಯಾಲ ತಲಿ ಹಿಡ್ಕೊಂಡು ಕುಂತವರನ್ನ ನೋಡೀನಿ, ಅದಕ್ಕ ಹಳದಿ ಪಿನ್ ಹಚ್ಚೂ ಜಾಗಾನ ಇಲ್ಲ, ಕಾಂಪೊನೆಂಟ್, ಆರ್‌ಜಿಬಿ, ವಿಜಿಎ ಅಷ್ಟ.

ಮೂರನೇದು ನಿಮ್ಮ ಮನ್ಯಾಗ ಈಗಾಗಲೇ ಐತಿ, ಲ್ಯಾಪ್‌ಟಾಪ್. ಡಿವಿಡಿ ಡ್ರೈವ್ ಹಚ್ಚಿ, ವಿಎಲ್‌ಸಿ ಅನ್ನೂ ವಿಡಿಯೋ ಪ್ಲೇಯರ್ ಒಳಗ ಡೀಇಂಟರ್‌ಲೇಸ್ ಆನ್ ಮಾಡಿ ಮೋಡ್ ಯಾಡಿಫ್ 2ಎಕ್ಸ್ ಇಟ್ಟು ಎಚ್‌ಡಿಎಂಐಯಿಂದ ಟಿವಿಗೆ ಕೊಡ್ರಿ. ಇದೂ ಹೊರಗಿನ ಪ್ರೊಸೆಸರ್ ಅಲ್ಲೇನು? ಇದರಾಗ ನಿಮಗ ವ್ಯತ್ಯಾಸ ಕಾಣಲಿಲ್ಲ ಅಂದ್ರ 60 ಸಾವಿರದ ಡಬ್ಬಿಯಾಗೂ ಕಾಣಂಗಿಲ್ಲ, ರೊಕ್ಕ ಉಳೀತು, ನನಗೊಂದು ಚಹಾ ಕುಡಸ್ರಿ.

ಎನ್ವಿಡಿಯಾ ಶೀಲ್ಡ್ ಅನ್ನೂ ಓಟಿಟಿ ಡಬ್ಬಿ ಬಗ್ಗೆ ಕೆಲವರು ಕೇಳ್ತಾರ. 2019 ರ ಮಾಡೆಲ್‌ದಾಗ ಎಐ ಅಪ್‌ಸ್ಕೇಲಿಂಗ್ ಐತಿ, ಚಲೋನೂ ಐತಿ, ಆದ್ರ ಅದಕ್ಕ ಎಚ್‌ಡಿಎಂಐ ಇನ್‌ಪುಟ್ ಇಲ್ಲ, ಅದರ ಮ್ಯಾಲ ಓಡಿಸಿದ್ದಕ್ಕಷ್ಟ ಆಗ್ತೈತಿ, ನಿಮ್ಮ ಡಿಶ್ ಬಾಕ್ಸಿಗೆ ಅಲ್ಲ.

ಟಿವಿಯೊಳಗಿನ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಚಿತ್ರಾನೂ ಡಬ್ಬಿ ಸುಧಾರಸ್ತೈತೇನು?

ಇಲ್ಲ. ಟಿವಿ ಆ್ಯಪ್‌ನಿಂದ ಬರೂದು ಟಿವಿ ಹೊಟ್ಟಿಯಾಗ ಹುಟ್ಟಿ ಅಲ್ಲೇ ಪರದಿಗೆ ಹೋಗ್ತೈತಿ, ಹೊರಗಿನ ಡಬ್ಬಿಗೆ ಅದರ ವಾಸನಿನೂ ಬರಂಗಿಲ್ಲ. ಬೇಕಂದ್ರ ಫೈರ್ ಸ್ಟಿಕ್ ನಮೂನಿದು ಡಬ್ಬಿಗೆ ಹಚ್ಚಿ, ಡಬ್ಬಿ ಟಿವಿಗೆ ಹಚ್ಚಬೇಕು. ಆವಾಗ ಡಬ್ಬಿಗೆ ಎಚ್‌ಡಿಸಿಪಿ 2.2 ಅನ್ನೂ ಕಾಪಿ ತಡಿಯೂ ಬೀಗದ ವ್ಯವಸ್ಥಾ ಇಲ್ಲಂದ್ರ ಓಟಿಟಿಯ 4ಕೆ ಬರಂಗಿಲ್ಲ, ಇಲ್ಲಾ 1080 ಕ್ಕ ಇಳೀತೈತಿ ಇಲ್ಲಾ ಕರಿ ಪರದಿ. ಹಗಲೆಲ್ಲಾ ಯೂಟ್ಯೂಬ್ ನೋಡೂ ಮನಿಗೆ ಡಬ್ಬಿ ಯಾಕ್ರಿ.

ನಂದು 32 ಇಂಚಿನ ಎಚ್‌ಡಿ ರೆಡಿ ಟಿವಿ, 1080 ಕೊಟ್ರೂ ಅಷ್ಟಕ್ಕಷ್ಟ ಐತಲ್ಲ?

ಅವುಗಳ ಪರದಿ ಸಾಮಾನ್ಯ 1366 ಬೈ 768. ಯಾವ ಚಾನೆಲ್ಲೂ 768 ಗೆರಿಯೊಳಗ ಬರಂಗಿಲ್ಲ. 576 ಬಂದ್ರ ಹಿಗ್ಗಸಬೇಕು, 720 ಬಂದ್ರ ಚೂರು ಹಿಗ್ಗಸಬೇಕು, 1080 ಬಂದ್ರ ಕುಗ್ಗಸಬೇಕು, ಏನ್ ಕೊಟ್ರೂ ಮುರಕ ಲೆಕ್ಕ. ಆ ಟಿವಿಗೆ ಡಬ್ಬಿ ಹಚ್ಚೂದು ಕೂಸಿಗಿಂತ ಕುಲಾಯಿ ದೊಡ್ಡದು ಮಾಡಿದಂಗ. ರೊಕ್ಕ ಕೂಡಿಸಿ ಟಿವಿ ಬದಲಸ್ರಿ.

ಎಷ್ಟ್ ದೂರ ಕುಂತ್ರ ವ್ಯತ್ಯಾಸ ಕಾಣ್ತೈತಿ?

ಚಲೋ ಕಣ್ಣಿಗೆ ಒಂದು ಡಿಗ್ರಿಯ 60 ನೇ ಭಾಗದಷ್ಟು ಸಣ್ಣದು ಬ್ಯಾರೆ ಬ್ಯಾರೆ ಕಾಣ್ತೈತಿ. ಆ ಲೆಕ್ಕ ಹಿಡದ್ರ 43 ಇಂಚಿನ ಟಿವಿಯಾಗ 1080 ರ ಒಂದು ಚುಕ್ಕಿ ಸುಮಾರು 1.7 ಮೀಟರ್ ತನಕ ಗುರ್ತ ಸಿಗ್ತೈತಿ, 55 ಇಂಚಿಗೆ 2.2 ಮೀಟರ್ ಹತ್ತತ್ರ, ಅಂದ್ರ ಏಳು ಫೂಟ್. ನಮ್ಮ ಪಡಸಾಲಿಯಾಗ ಎಲ್ಲಾರೂ ಹತ್ತು ಹನ್ನೆರಡು ಫೂಟ್ ಹಿಂದ ಗ್ವಾಡಿಗೆ ಆತು ಕುಂತಿರ್ತಾರ, ಅಷ್ಟ ದೂರದಿಂದ 4ಕೆ ಮತ್ತ 1080 ಬ್ಯಾರೆ ಮಾಡೂದು ಆಗದ ಮಾತು. ಬಾಚಣಿಕಿ ಹಲ್ಲು, ಮಿಣಮಿಣ ಮಾತ್ರ ಅಲ್ಲಿಂದಾನೂ ಕಾಣ್ತಾವ, ಯಾಕಂದ್ರ ಅಲಗಾಡೂದಕ್ಕ ಕಣ್ಣು ಮೊದಲ ಹೋಗ್ತೈತಿ.

ಎಐ ಅಂತ ಎಲ್ಲಾ ಟಿವಿ ಮ್ಯಾಲ ಬರದಿರ್ತಾರ, ಅದು ಖರೇ ಏನು?

ಖರೇ ಐತಿ, ಆದ್ರ ಅದು ಕಲಿತು ಮಾಡೂ ಅಂದಾಜು. ಲಕ್ಷಾಂತರ ಚಿತ್ರ ತೋರಿಸಿ ಇಂಥಾ ಮಸುಕು ಇದ್ರ ಮೂಲದಾಗ ಹಿಂಗ ಇದ್ದಿರಬೇಕು ಅಂತ ಕಲಿಸಿರ್ತಾರ. ಹುಲ್ಲು, ಇಟ್ಟಂಗಿ, ಅಕ್ಷರ ಇವಕ್ಕ ಚಂದ ಆಗ್ತೈತಿ. ಮುಖಕ್ಕ ಬಂದಾಗ ನನಗ ಮನಸ್ಸಿಲ್ಲ. ಕಂಪ್ಯೂಟರ್‌ದಾಗ ಒಂದ್ಸಲ ನಮ್ಮ ಆಯಿ ಇರೂ ಕ್ಯಾಸೆಟ್ ಎಐಗೆ ಹಾಕಿದ್ನಿ, ಆಯಿ ಮುಖದಾಗಿನ ಸುಕ್ಕು ಎಲ್ಲಾ ಒರಸಿ ಮೇಣದ ಗೊಂಬಿ ಮಾಡಿ ಕೊಡ್ತು, ಹಣಿ ಮ್ಯಾಲಿನ ಹಚ್ಚಿಬಟ್ಟು ಕಲೆ ಅಂತ ತಿಳದು ಅಳಿಸಿಬಿಟ್ಟಿತ್ತು. ನಮ್ಮವ್ವ ನೋಡಿ "ಇವ್ರ್ಯಾರೋ?" ಅಂದ್ಲು.

ಪ್ರೊಜೆಕ್ಟರ್, ಜಾತ್ರಿಯೊಳಗಿನ ಎಲ್‌ಇಡಿ ವಾಲ್, ಇವಕ್ಕೂ ಹಿಂಗೇನ?

ಎಲ್‌ಇಡಿ ವಾಲ್‌ಗೆ ಡಬ್ಬಿ ಬೇಕೇ ಬೇಕು, ಆರಿಸೂ ಮಾತ ಇಲ್ಲ. ಅರ್ಧ ಮೀಟರ್ ಚೌಕದ ಪಿ3.91 (ಚುಕ್ಕಿಯಿಂದ ಚುಕ್ಕಿಗೆ 3.91 ಮಿಲಿಮೀಟರ್) ಕ್ಯಾಬಿನೆಟ್, ಅಂದ್ರ ವಾಲ್‌ನ ಒಂದು ತುಂಡು, ಒಂದಕ್ಕ 128 ಬೈ 128 ಚುಕ್ಕಿ, ಅಡ್ಡಕ್ಕ ಎಂಟು ಉದ್ದಕ್ಕ ಆರು ಜೋಡಿಸಿದ್ರ 1024 ಬೈ 768. ಆ ಅಳತಿ ಪ್ರತಿ ಜಾತ್ರಿಗೆ ಬದಲಿ ಆಗ್ತೈತಿ, ವಾಲ್‌ಗೆ ಸ್ವಂತ ಸ್ಕೇಲರ್ ಇರಂಗಿಲ್ಲ, ಪ್ರೊಸೆಸರ್ ಒಳಗ ಅಳತಿ ಕೊಟ್ಟು ಹೊಂದಸಬೇಕು. ಬನಶಂಕರಿ ಜಾತ್ರಿಯಾಗ ಪರದಿ ಮ್ಯಾಲ ಹಾಡೂವರ ತಲಿ ಕತ್ತರಿಸಿ ಹೋಗಿದ್ದು ನೋಡಿದ್ರ ಆ ಅಳತಿ ಯಾರೋ ತಪ್ಪು ಕೊಟ್ಟಾರ ಅಂತ ತಿಳ್ಕೋರಿ. ಪ್ರೊಜೆಕ್ಟರ್ ಬಗ್ಗೆ ಮ್ಯಾಲ ಹೇಳೀನಿ.

ಗೇಮ್ ಆಡಾಕ?

ಟಿವಿ ಚಿತ್ರ ಚಂದ ಮಾಡಾಕ ಹೆಚ್ಚ ಹೊತ್ತ ತಗೊಂಡಷ್ಟು ಬಟನ್ ಒತ್ತಿದ್ದು ತಡ ಆಗಿ ಕಾಣ್ತೈತಿ. ಸಾದಾ ಮೋಡ್‌ದಾಗ ಕೆಲವು ಟಿವಿ 100 ಮಿಲಿಸೆಕೆಂಡ್ ದಾಟ್ತಾವ, ಗೇಮ್ ಮೋಡ್ ಹಾಕಿದ್ರ 10-20 ಕ್ಕ ಬರ್ತೈತಿ. ಹಳೇ ಗೇಮ್ ಡಬ್ಬಿ ಇದ್ರ ರೆಟ್ರೊಟಿಂಕ್ ನಮೂನಿದು ಖರೇನ ಉಪಯೋಗ, ಟಿವಿ ಮಾಡೂ ಕೆಲಸ ಅದು ಒಂದ್ ಫ್ರೇಮ್ ಸುತ್ತಮುತ್ತ ಮುಗಸ್ತೈತಿ. ಹೊಸಾ ಪ್ಲೇಸ್ಟೇಷನ್ ಎಕ್ಸ್‌ಬಾಕ್ಸ್‌ಗೆ ನಡುವ ಏನೂ ಹಾಕಬ್ಯಾಡ್ರಿ, ನೆಟ್ಟಗ ಟಿವಿಗೆ.

ಡಬ್ಬಿ ಹಚ್ಚಿದ ಮ್ಯಾಲ ಟಿವಿದೂ ಆನ್ ಇಟ್ರ ಡಬಲ್ ಚಲೋ ಆಗ್ತೈತೇನು?

ಡಬಲ್ ಕೆಡ್ತೈತಿ. ಒಬ್ಬಾಕಿ ಉಪ್ಪು ಹಾಕಿದ ಸಾರಿಗೆ ಇನ್ನೊಬ್ಬಾಕಿ ಬಂದು ಮತ್ತ ಹಾಕಿದಂಗ. ಡಬ್ಬಿಯಿಂದ ಪರದಿ ಅಳತಿಗೆ ಸರಿಯಾಗಿ ಕೊಡಬೇಕು, 4ಕೆ ಟಿವಿ ಇದ್ರ 2160ಪಿ. ಡಬ್ಬಿ 1080 ಕ್ಕ ನಿಲ್ಲೂದಾದ್ರ ಉಳಿದ ಎರಡು ಪಟ್ಟು ಟಿವಿನ ಹಿಗ್ಗಸ್ತೈತಿ, ಅದಕ್ಕ ಅಂಜಬ್ಯಾಡ್ರಿ, ಅದು ಹಗುರ ಕೆಲಸ. ಆದ್ರ ಟಿವಿಯಾಗ ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂತಿಂಗ್ ಬಂದ್, ಜಸ್ಟ್ ಸ್ಕ್ಯಾನ್ ಆನ್. ನಡುವ ಆಂಪ್ಲಿಫೈಯರ್ ಇದ್ರ ಅದರೊಳಗಿನ ಸ್ಕೇಲರ್ ಕೂಡ ಬೈಪಾಸ್ ಇಡ್ರಿ, ಅದೂ ಒಂದ್ ಚಮಚ ಉಪ್ಪು ಹಿಡ್ಕೊಂಡು ನಿಂತಿರ್ತೈತಿ.

ಡಬ್ಬಿ ಹಚ್ಚಿದಮ್ಯಾಲ ಬಣ್ಣ ಬ್ಯಾರೆ ಕಾಣ್ತೈತಿ, ಕೆಂಪು ಕಿತ್ತಳಿ ಆಗೇತಿ?

ಎಸ್‌ಡಿಗೆ ಬಿಟಿ.601, ಎಚ್‌ಡಿಗೆ ಬಿಟಿ.709 ಅಂತ ಬಣ್ಣದ ಲೆಕ್ಕ ಬ್ಯಾರೆ ಬ್ಯಾರೆ. ಡಬ್ಬಿ ಎಸ್‌ಡಿ ಚಿತ್ರಾನ ಹಿಗ್ಗಿಸಿ ಎಚ್‌ಡಿ ಅಂತ ಕಳಿಸಿ ಲೆಕ್ಕ ಮಾತ್ರ ಬದಲಿಸದಿದ್ರ ಟಿವಿ 709 ಅಂತ ತಿಳದು ತಪ್ಪು ಬಿಡಸ್ತೈತಿ. ಮೆನುದಾಗ ಕಲರ್ ಸ್ಪೇಸ್ ಅಂತ ಇರ್ತೈತಿ, ತಿರುವಿ ನೋಡ್ರಿ.

ಕರೆಂಟ್ ಹೋಗಿ ಬಂದಾಗ ಚಿತ್ರ ಬರಂಗಿಲ್ಲ, ಏನ್ ಮಾಡೂದು?

ನಡುವ ಒಂದು ಡಬ್ಬಿ ಅಂದ್ರ ಎಚ್‌ಡಿಎಂಐ ಕೈಕುಲುಕೂದು ಎರಡ್ಸಲ. ಕರೆಂಟ್ ಬಂದ ಕೂಡಲೆ ಎಲ್ಲಾ ಒಮ್ಮೆಲೆ ಆನ್ ಆದ್ರ ಒಂದಕ್ಕೊಂದು ಗುರ್ತ ಸಿಗಂಗಿಲ್ಲ. ಮೊದಲ ಟಿವಿ, ಆಮ್ಯಾಲ ಪ್ರೊಸೆಸರ್, ಕಡೀಕ ಬಾಕ್ಸ್ ಹಿಂಗ ಆನ್ ಮಾಡ್ರಿ. ಮಳಿಗಾಲದಾಗ ಗುಡುಗು ಮಿಂಚು ಇದ್ರ ಡಿಶ್ ವೈರ್ ಕಿತ್ತಿಡ್ರಿ, ಎಚ್‌ಡಿಎಂಐ ಪೋರ್ಟ್ ಸುಟ್ಟು ಬರೂ ಟಿವಿ ಭಾಳ ನೋಡೀನಿ. ಮತ್ತ ಒಂದು ವಿಚಾರ ಮಾಡ್ರಿ, ಮನ್ಯಾಗ ಅವ್ವಗ ಈಗಾಗಲೇ ಎರಡು ರಿಮೋಟ್ ಸಾಕಾಗೇತಿ, ಮೂರನೇದು ಕೊಟ್ರ ಸಂಜಿ ಧಾರಾವಾಹಿ ಟೈಮಿಗೆ ನಿಮಗ ಫೋನ್ ಬರೂದು ಗ್ಯಾರಂಟಿ.

ಹಳೇ ಮದುವಿ ಕ್ಯಾಸೆಟ್‌ಗೆ ನೀವು ಏನ್ ಮಾಡ್ತೀರಿ?

ಈ ಊರಾಗ ಈ ಪ್ರಶ್ನೆ ತೂಕ ಬ್ಯಾರೆ ಐತ್ರಿ. ಹಳೇ ಬಾಗಲಕೋಟಿಯೊಳಗ ಆಲಮಟ್ಟಿ ಹಿನ್ನೀರಿಗೆ ಮುಳುಗಡಿ ಆದ ಓಣಿಗಳ ಮಂದಿನ ನವನಗರಕ್ಕ ಬಂದಿದ್ದು. ಕ್ಯಾಸೆಟ್ ತರೂವರಿಗೆ ಮದುವಿ ಅಷ್ಟ ಮುಖ್ಯ ಅಲ್ಲ, ಹಿಂದ ಕಾಣೂ ಮನಿ ಮುಖ್ಯ. ತೊಲಿಬಾಗಲ, ಕಟ್ಟಿ, ಅಂಗಳದಾಗಿನ ತುಳಸಿ. "ಇಲ್ಲೇ ನಿಂದರಸು ತಮ್ಮಾ" ಅಂತಾರ, ನಾನು ಪಾಸ್ ಒತ್ತತೀನಿ, ಪಾಸ್ ಒತ್ತಿದ ಕೂಡಲೆ ಇಂಟರ್‌ಲೇಸ್ ಹಲ್ಲು ಎದ್ದು ಕಾಣ್ತಾವ.

ವಿಎಚ್‌ಎಸ್ ಒಳಗ ಅಡ್ಡಕ್ಕ ಸುಮಾರು 240 ಗೆರಿಯಷ್ಟ ವಿವರ, ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಡಿಮಿ. ಇದ್ದದ್ದ ಇಷ್ಟು, ಅದನ್ನ ಕಳೀಬಾರ್ದು ಅನ್ನೂದ ನನ್ನ ಕೆಲಸ. ವಿಸಿಆರ್‌ನಿಂದ ಟೈಮ್ ಬೇಸ್ ಸರಿ ಮಾಡೂ, ಅಂದ್ರ ಹಿಂದ ಮುಂದ ಆದ ಗೆರಿ ಹೊಂದಸೂ ಸಾಮಾನಿನ ಮೂಲಕ 576ಐ ಆಗೇ, ಅರ್ಧ ಅರ್ಧ ಗೆರಿ ಇದ್ದಂಗ ಇದ್ದು, ಕಂಪ್ಯೂಟರ್‌ಗೆ ಇಳಿಸ್ಕೋತೀನಿ. ಹಿಗ್ಗಸೂ ಡಬ್ಬಿ ನಡುವ ಹಾಕಂಗಿಲ್ಲ. ಡಿವಿ ಫಾರ್ಮ್ಯಾಟ್ ಆದ್ರ ತಾಸಿಗೆ 13 ಜಿಬಿ, ನಷ್ಟ ಇಲ್ಲದ ಫಾರ್ಮ್ಯಾಟ್ ಆದ್ರ ಅದರ ಎರಡು ಪಟ್ಟಿನ ಮ್ಯಾಲ. ಅದು ಮೂಲ, ಅದನ್ನ ಗಿರಾಕಿಗೂ ಒಂದು ಹಾರ್ಡ್ ಡಿಸ್ಕಿನ್ಯಾಗ ಕೊಡ್ತೀನಿ. ಆಮ್ಯಾಲ ಏವಿಸಿಂತ್ ಅನ್ನೂ ವಿಡಿಯೋ ಸಾಫ್ಟ್‌ವೇರ್ ಒಳಗ ಕ್ಯೂಟಿಜಿಎಂಸಿ ಅನ್ನೂ ಫುಕಟ್ ಫಿಲ್ಟರ್ ಹಾಕಿ ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡ್ತೀನಿ, ರಾತ್ರಿ ಹಚ್ಚಿ ಮಕ್ಕೊಂಡ್ರ ಮುಂಜಾನಿಗೆ ಮುಗಿದಿರ್ತೈತಿ, ಇದಕ್ಕ ಸಮ ಬರೂ ಕೆಲಸ ಯಾವ ಟಿವಿನೂ ಮಾಡಂಗಿಲ್ಲ, ಯಾಕಂದ್ರ ಟಿವಿಗೆ ಒಂದು ಚಿತ್ರಕ್ಕ 20 ಮಿಲಿಸೆಕೆಂಡ್ ಅಷ್ಟ ಟೈಮ್ ಐತಿ, ನನ್ನ ಕಂಪ್ಯೂಟರ್‌ಗೆ ಇಡೀ ರಾತ್ರಿ. ಕಡೀಕ 1440 ಬೈ 1080 ಮಾಡಿ ಪೆನ್‌ಡ್ರೈವ್‌ಗೆ. ಗೆರಿ ಕ್ರಮ ನೋಡ್ಕೋಬೇಕು, ಡಿವಿ ಒಳಗ ಕೆಳಗಿನ ಗೆರಿ ಮೊದಲ ಬರ್ತೈತಿ, ತಪ್ಪು ಕೊಟ್ರ ಮದಿಮಗಳು ಎರಡು ಹೆಜ್ಜಿ ಮುಂದ ಒಂದು ಹೆಜ್ಜಿ ಹಿಂದ ನಡದಂಗ ಕಾಣ್ತಾಳ. ಚಿತ್ರದ ಕೆಳಗಿನ ಅಂಚಿಗೆ ಮುರದ ಗೆರಿ ಬರ್ತಾವಲ್ಲ, ಅದು ಕ್ಯಾಸೆಟ್ ಹೆಡ್ ಬದಲಿ ಆಗೂ ಜಾಗ, ಡಬ್ಬಾ ಟಿವಿಯಾಗ ಚೌಕಟ್ಟಿನ ಹಿಂದ ಮುಚ್ಚಿರ್ತಿತ್ತು, ಅದನ್ನ ಕರಿ ಪಟ್ಟಿ ಹಾಕಿ ಮುಚ್ತೀನಿ.

ಮೊದಲಮೊದಲ ನಾ ಹಿಂಗ ಮಾಡ್ತಿರ್ಲಿಲ್ಲ. ಅದ 600 ರೂಪಾಯಿ ಡಬ್ಬಿಯಿಂದ ಹಿಗ್ಗಿಸಿ ನೇರ 720ಪಿ ಇಳಿಸಿ ಕೊಟ್ಟೀನಿ ಒಂದಿಷ್ಟು ಮಂದಿಗೆ, ಅರ್ಧ ಗೆರಿ ಹೋಗಿ, ಮುಖ ದಪ್ಪ ಆಗಿ. ಒಬ್ಬ ಯಕ್ಕಾರ್ದು ಮತ್ತ ಮಾಡಿಕೊಡ್ತೀನಿ ತರ್ರಿ ಅಂತ ಫೋನ್ ಮಾಡಿದ್ರ, ಪೆನ್‌ಡ್ರೈವ್ ಬಂತಲ್ಲಪಾ ಅಂತ ಕ್ಯಾಸೆಟ್ ಒಗದುಬಿಟ್ಟೀವಿ ಅಂದ್ರು.

ಅದೆಲ್ಲಾ ಇರ್ಲಿ, ನಿಮ್ಮ ಮನ್ಯಾಗ ಏನ್ ಹಚ್ಚೀರಿ?

ಮನ್ಯಾಗ 43 ಇಂಚಿನ ಟಿವಿ, ಎಚ್‌ಡಿ ಬಾಕ್ಸ್ 1080ಐ ಗೆ, ಡಬ್ಬಿ ಗಿಬ್ಬಿ ಏನಿಲ್ಲ. ಅಂಗಡ್ಯಾಗ ಒಂದು ಹಳೇ 21 ಇಂಚಿನ ಡಬ್ಬಾ ಟಿವಿ ಇಟ್ಟೀನಿ, ಕ್ಯಾಸೆಟ್ ಬಂದ್ರ ಮೊದಲ ಅದರಾಗ ಹಚ್ಚಿ ನೋಡ್ತೀನಿ. ಅದನ್ನ ಮಾರ್ತೀರೇನು ಅಂತ ಕೇಳಬ್ಯಾಡ್ರಿ.